ಜೋಕಾಲಿ ಬಲ್ಲವರೂ ಹಗ್ಗ ಬಿಡುವುದನ್ನು ಹೊಸದಾಗಿ ಕಲಿಯಬೇಕು

ಪಂಚಮಿಗೆ ತವರಿಗೆ ಹೋದವಳು ಈ ಸಲ ಎರಡು ಜೋಕಾಲಿ ಆಡಿ ಬಂದೆ. ಒಂದು, ಆಳಂದ ತಾಲ್ಲೂಕಿನ ನಮ್ಮೂರಿನ ಬೇವಿನ ಮರಕ್ಕೆ ಅಣ್ಣ ಕಟ್ಟಿದ್ದು. ಇನ್ನೊಂದು, ಅಣ್ಣನ ಮಗಳ ಮೊಬೈಲಿನೊಳಗಿನದು. ಆರನೆಯ ತರಗತಿಯಲ್ಲಿ ಓದುವ ಆ ಹುಡುಗಿ ಆನ್‌ಲೈನ್ ಆಟಗಳ ತಾಣವಾದ ರೋಬ್ಲಾಕ್ಸ್‌ನಲ್ಲಿ ಹಗ್ಗ ಹಿಡಿದು, ತೂಗಿ, ಕಂದಕ ದಾಟಿ, ಆಚೆಗಿನ ಕಟ್ಟೆಗಳ ಮೇಲೆ ನಿಂತಿರುವ ಗೊಂಬೆಗಳನ್ನು ಹೊತ್ತು ತನ್ನ ‘ಬೇಸ್’ಗೆ, ಅಂದರೆ ಆಟದೊಳಗಿನ ತನ್ನ ನೆಲೆಗೆ, ತರುವ ಆಟವೊಂದನ್ನು ಆಡುತ್ತಾಳೆ. ಮೂರು ದಿನ ಅವಳ ಪಕ್ಕದಲ್ಲಿ ಕುಳಿತು ಆಡಿದ್ದೇನೆ. ಕಲಬುರಗಿಗೆ ಮರಳಿದ ಮೇಲೂ ನನ್ನ ಮೊಬೈಲಿನಲ್ಲಿ ಬಿಡದೆ ಮುಂದುವರಿಸಿದ್ದೇನೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಾಗಿ ನನಗೆ ಕಂಡದ್ದನ್ನು ಈ ಆಟಕ್ಕೆ ಹೊಸದಾಗಿ ಬರುವ ಮಕ್ಕಳಿಗೂ ಅವರ ಪಕ್ಕ ಕುಳಿತುಕೊಳ್ಳುವ ಹಿರಿಯರಿಗೂ ಹೇಳಬೇಕೆನಿಸಿತು. ಮೊದಲ ದಿನವನ್ನು ಪೂರ್ತಿಯಾಗಿ ಹಗ್ಗ ಬಿಡುವ ಹೊತ್ತನ್ನು ಕಲಿಯುವುದಕ್ಕೇ ಕೊಡಬೇಕು; ವೇಗ, ಗೊಂಬೆ, ಗಳಿಕೆ ಎಲ್ಲವೂ ಆಮೇಲಿನ ಮಾತು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಡೆತಡೆ ದಾಟುವ ಇಂಥ ಆಟಗಳಿಗೆ ಮಕ್ಕಳು ‘ಒಬ್ಬಿ’ ಎನ್ನುತ್ತಾರೆ. ಆಬ್‌ಸ್ಟಕಲ್ ಕೋರ್ಸ್ ಎಂಬ ಉದ್ದನೆಯ ಹೆಸರು ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. 2006ರಲ್ಲಿ ಆರಂಭವಾದ ರೋಬ್ಲಾಕ್ಸ್‌ನಲ್ಲಿ ಆಟಗಳನ್ನು ಬಳಸುವವರೇ ಕಟ್ಟುವುದರಿಂದ ಒಂದೇ ಬಗೆಯ ಆಟಕ್ಕೆ ಹತ್ತಾರು ರೂಪಗಳಿರುತ್ತವೆ. ಒಂದರಲ್ಲಿ ಹಗ್ಗ, ಇನ್ನೊಂದರಲ್ಲಿ ಸರಪಳಿ, ಮತ್ತೊಂದರಲ್ಲಿ ಕೊಕ್ಕೆ. ತೂಗುವುದನ್ನೂ ಕೂಡಿಸುವುದನ್ನೂ ಬೆಸೆದ ಆಟ ಈಗಿನದೇನಲ್ಲ. ಡೇವಿಡ್ ಕ್ರೇನ್ ಅವರು ಅಟಾರಿ 2600 ಯಂತ್ರಕ್ಕಾಗಿ ರೂಪಿಸಿ 1982ರಲ್ಲಿ ಹೊರಬಂದ ‘ಪಿಟ್‌ಫಾಲ್’ ಆಟದಲ್ಲಿಯೂ ಕಾಡಿನ ಬಳ್ಳಿ ಹಿಡಿದು ಹೊಂಡಗಳನ್ನು ದಾಟುತ್ತ 20 ನಿಮಿಷದೊಳಗೆ 32 ನಿಧಿಗಳನ್ನು ಕೂಡಿಸಬೇಕಿತ್ತು.

ಇನ್ನು ಹಗ್ಗದ ಮಾತು. ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಹಗ್ಗ ಆಚೆಯ ತುದಿ ಮುಟ್ಟುವವರೆಗೆ ಕಾದು, ಕಟ್ಟೆಗೆ ಅತಿ ಹತ್ತಿರವಾದೆನೆಂದು ಅನಿಸಿದಾಗ ಬಿಟ್ಟೆ. ಬಿಟ್ಟೊಡನೆ ನೆಟ್ಟಗೆ ಕೆಳಗೆ ಬಿದ್ದೆ. ನಾಲ್ಕು ಸಲ ಹೀಗೆಯೇ ಆಯಿತು. ಕಾರಣ ಸರಳವಾಗಿದೆ. ತೂಗುವ ವಸ್ತುವಿನ ವೇಗ ಅತಿ ಕೆಳಗಿನ ಬಿಂದುವಿನಲ್ಲಿ ಅತಿ ಹೆಚ್ಚು, ಎರಡೂ ತುದಿಗಳಲ್ಲಿ ಸೊನ್ನೆ. ತುದಿಯಲ್ಲಿ ಕೈಬಿಟ್ಟವರಿಗೆ ಮುಂದಕ್ಕೆ ಒಯ್ಯುವ ವೇಗವೇ ಉಳಿದಿರುವುದಿಲ್ಲ. ಹಾಗೆಂದು ಅತಿ ಕೆಳಗಿನ ಬಿಂದುವಿನಲ್ಲಿಯೇ ಬಿಟ್ಟರೆ ವೇಗವಿದ್ದರೂ ಅದು ನೆಲಕ್ಕೆ ಸಮನಾಗಿ ಹೋಗುತ್ತದೆ, ಮೇಲಕ್ಕೆ ಎತ್ತುವುದಿಲ್ಲ. ಕೆಳಗಿನ ಬಿಂದುವನ್ನು ದಾಟಿ ಹಗ್ಗ ಏರತೊಡಗಿ, ಏರಿಕೆಯ ಅರ್ಧದಾರಿ ಕಳೆದ ಮೇಲೆ ಬಿಟ್ಟರೆ ಮುಂದಕ್ಕೂ ಮೇಲಕ್ಕೂ ಒಟ್ಟಿಗೆ ಬಲ ಸಿಗುತ್ತದೆ.

ಆ ಅರ್ಧದಾರಿಯೂ ಎಲ್ಲ ಕಟ್ಟೆಗಳಿಗೆ ಒಂದೇ ಅಲ್ಲ. ಲೆಕ್ಕ ಹಾಕಿ ನೋಡಿದೆ. ಹಗ್ಗವು ನೇರ ನಿಲುವಿನಿಂದ 45 ಡಿಗ್ರಿವರೆಗೆ ತೂಗುತ್ತಿದೆ ಎಂದುಕೊಳ್ಳೋಣ. ಇಳಿಯಬೇಕಾದ ಕಟ್ಟೆ ಸಾಕಷ್ಟು ಕೆಳಗಿದ್ದರೆ 25 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟವರು ಅತಿ ದೂರ ಹೋಗುತ್ತಾರೆ. ಕಟ್ಟೆಯು ತೂಗಿನ ಕೆಳಬಿಂದುವಿನ ಮಟ್ಟದಲ್ಲಿಯೇ ಇದ್ದರೆ 34 ಡಿಗ್ರಿಯ ಆಸುಪಾಸಿನಲ್ಲಿ ಬಿಟ್ಟವರು. ಆಡುವಾಗ ಯಾರೂ ಡಿಗ್ರಿ ಅಳೆಯಲಾರರು, ಅಳೆಯಬೇಕಾಗಿಯೂ ಇಲ್ಲ. ತಗ್ಗಿನ ಕಟ್ಟೆಗೆ ತುಸು ಬೇಗ, ಎತ್ತರದ ಕಟ್ಟೆಗೆ ತುಸು ತಡವಾಗಿ ಬಿಡಬೇಕು ಎಂಬಷ್ಟು ನೆನಪಿದ್ದರೆ ಸಾಕು. ಈ ಒಂದು ತಿಳಿವಳಿಕೆಯಿಂದ ನನ್ನ ಬೀಳುವಿಕೆ ಅರ್ಧಕ್ಕರ್ಧ ಕಡಿಮೆಯಾಯಿತು.

ಚಿಕ್ಕಂದಿನಿಂದ ಪಂಚಮಿಯ ಜೋಕಾಲಿ ಜೀಕಿದವಳು ನಾನು. ಇಷ್ಟಾದರೂ ಹಗ್ಗ ಬಿಡುವ ಹೊತ್ತು ನನಗೆ ಏಕೆ ತಪ್ಪಿತು ಎಂಬುದೇ ನನ್ನನ್ನು ಬಹಳ ಕಾಡಿತು. ಪಕ್ಕದಲ್ಲಿದ್ದ ಹುಡುಗಿ ಪ್ರತಿ ಸಲವೂ ನನ್ನ ಮೊಣಕೈ ಹಿಡಿದು, “ಬಿಡು ಅತ್ತಿ, ಬಿಡು! ಎಷ್ಟೊತ್ತು ಹಿಡ್ಕೊಂಡು ಕುಂದರ್ತಿ?” ಎಂದು ಕೂಗುತ್ತಿದ್ದಳು. ನನ್ನ ಲೆಕ್ಕದಲ್ಲಿ ಇನ್ನೂ ಹೊತ್ತಿತ್ತು; ಆಟದ ಲೆಕ್ಕದಲ್ಲಿ ಅದು ಮುಗಿದುಹೋಗಿತ್ತು. ಅದರ ಮೂಲ ಗುರುತ್ವದಲ್ಲಿದೆ. ರೋಬ್ಲಾಕ್ಸ್‌ನಲ್ಲಿ ಉದ್ದವನ್ನು ಸ್ಟಡ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಸ್ಟಡ್ ಎಂದರೆ 0.28 ಮೀಟರ್. ಆಟ ಕಟ್ಟಿದವರು ಬದಲಿಸದಿದ್ದರೆ ಅಲ್ಲಿಯ ಗುರುತ್ವ ಸೆಕೆಂಡಿನ ವರ್ಗಕ್ಕೆ 196.2 ಸ್ಟಡ್ ಇರುತ್ತದೆ. ಮೀಟರಿಗೆ ತಿರುಗಿಸಿದರೆ ಅದು ನಮ್ಮ ಭೂಮಿಯ ಗುರುತ್ವದ ಐದೂವರೆ ಪಟ್ಟಿಗಿಂತ ತುಸು ಹೆಚ್ಚು. 20 ಸ್ಟಡ್ ಉದ್ದದ ಹಗ್ಗ, ಅಂದರೆ 5.6 ಮೀಟರಿನದು, ಬೇವಿನ ಮರದಲ್ಲಿ ಒಮ್ಮೆ ಹೋಗಿ ಬರಲು ಸುಮಾರು ನಾಲ್ಕೂಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಮೊಬೈಲಿನೊಳಗೆ ಅದೇ ಉದ್ದದ ಹಗ್ಗಕ್ಕೆ ಎರಡೇ ಸೆಕೆಂಡು ಸಾಕು. ಈಚೆ ತುದಿಯಿಂದ ಆಚೆ ತುದಿಗೆ ಒಂದು ಸೆಕೆಂಡು ಮಾತ್ರ. ಮೈಗೆ ಅಂಟಿದ ಜೋಕಾಲಿಯ ಲಯ ಇಲ್ಲಿ ಎರಡು ಪಟ್ಟಿಗಿಂತ ಹೆಚ್ಚು ನಿಧಾನವಾಗುತ್ತದೆ. ಜೋಕಾಲಿಯನ್ನೇ ಸರಿಯಾಗಿ ಆಡದ ಈಗಿನ ಹುಡುಗರು ನಮಗಿಂತ ಬೇಗ ಕಲಿಯುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗನಿಸುತ್ತದೆ.

ಹಾಗಾಗಿ ಮೊದಲ ಹಗ್ಗದ ಹತ್ತಿರ ಹೋದವರು ದಾಟುವ ಆತುರ ಬಿಟ್ಟು, ಹಗ್ಗ ಹಿಡಿದು ಹತ್ತು ಸಲ ಸುಮ್ಮನೆ ತೂಗಬೇಕು. ಹೋಗುವಾಗ ‘ಒಂದು’, ಬರುವಾಗ ‘ಎರಡು’ ಎಂದು ಬಾಯಿಬಿಟ್ಟು ಎಣಿಸಬೇಕು. ಉದ್ದದ ಹಗ್ಗದ ಲಯ ನಿಧಾನ, ಗಿಡ್ಡ ಹಗ್ಗದ್ದು ಚುರುಕು. ಉದ್ದ ನಾಲ್ಕು ಪಟ್ಟಾದರೆ ಹೊತ್ತು ಎರಡು ಪಟ್ಟಾಗುತ್ತದೆ. ಹೊತ್ತ ಗೊಂಬೆಯ ತೂಕದಿಂದ ಲಯ ಕೆಡುವುದಿಲ್ಲ ಎಂಬುದು ಲೋಲಕದ ನಿಯಮ. ಕೆಲವು ಆಟಗಳಲ್ಲಿ ಗೊಂಬೆ ಹೊತ್ತಾಗ ನಡಿಗೆಯ ವೇಗವನ್ನು ಬೇಕೆಂದೇ ತಗ್ಗಿಸಿರುತ್ತಾರಾದ್ದರಿಂದ ಹೊತ್ತುಕೊಂಡು ಮರಳುವಾಗ ಓಡಿ ಹಾರುವ ಜಾಗವನ್ನು ಹೊಸದಾಗಿ ಅಂದಾಜು ಮಾಡಬೇಕಾಗುತ್ತದೆ.

ಜೀಕುವ ವಿದ್ಯೆ ಮಾತ್ರ ಎರಡೂ ಕಡೆ ಒಂದೇ. ಜೋಕಾಲಿ ಹಿಂದಕ್ಕೆ ಬರುತ್ತಿರುವಾಗ ಮುಂದಕ್ಕೆ ಒತ್ತಿದರೆ ಅದು ನಿಂತುಹೋಗುತ್ತದೆ. ಅದು ಹೋಗುವ ದಿಕ್ಕಿಗೇ ಮೈಯನ್ನು ಕೊಡಬೇಕು. ಎಡಗೈ ಹೆಬ್ಬೆರಳಿನ ಗುಂಡಿಯಿಂದ ತೂಗಿಗೆ ಬಲ ಕೊಡುವ ಆಟಗಳಲ್ಲಿ ಹೊಸಬರು ಆ ಗುಂಡಿಯನ್ನು ಒಂದೇ ಸಮನೆ ಮುಂದಕ್ಕೆ ಒತ್ತಿ ಹಿಡಿದಿರುತ್ತಾರೆ. ಹಗ್ಗ ಹಿಂದಕ್ಕೆ ಬರುವಾಗ ಆ ಒತ್ತು ತೂಗನ್ನು ಕೊಲ್ಲುತ್ತದೆ. ಮುಂದಕ್ಕೆ ಹೋಗುವಾಗ ಮುಂದಕ್ಕೆ, ಹಿಂದಕ್ಕೆ ಬರುವಾಗ ಹಿಂದಕ್ಕೆ ಒತ್ತಿದರೆ ನಾಲ್ಕೈದು ತೂಗಿನಲ್ಲಿ ಎತ್ತರ ತಾನಾಗಿ ಕೂಡಿಬರುತ್ತದೆ. 20 ಸ್ಟಡ್ ಹಗ್ಗ 45 ಡಿಗ್ರಿಯಿಂದ ಇಳಿದರೆ ಕೆಳಬಿಂದುವಿನಲ್ಲಿ ವೇಗ ಸೆಕೆಂಡಿಗೆ 48 ಸ್ಟಡ್ ಮುಟ್ಟುತ್ತದೆ. ರೋಬ್ಲಾಕ್ಸ್‌ನ ಮಾಮೂಲಿ ನಡಿಗೆಯ ವೇಗ 16 ಸ್ಟಡ್. ಓಡಿ ಹಾರಿದರೆ ದಕ್ಕದ ಕಂದಕ ತೂಗಿ ಹಾರಿದರೆ ದಕ್ಕುವುದು ಈ ಮೂರು ಪಟ್ಟು ವೇಗದಿಂದ.

ಕ್ಯಾಮೆರಾವನ್ನು ಹಗ್ಗ ಹಿಡಿಯುವ ಮೊದಲೇ ತಿರುಗಿಸಿಕೊಳ್ಳಬೇಕು, ಗಾಳಿಯಲ್ಲಿದ್ದಾಗ ಮುಟ್ಟಬಾರದು. ಬೆನ್ನ ಹಿಂದಿನಿಂದ ನೋಡಿದರೆ ದಿಕ್ಕು ಸರಿಯಾಗಿ ಕಾಣುತ್ತದೆ, ಹಗ್ಗದ ಓರೆ ಕಾಣುವುದಿಲ್ಲ. ತುಸು ಪಕ್ಕಕ್ಕೆ, ತುಸು ಮೇಲಕ್ಕೆ ಇಟ್ಟುಕೊಂಡರೆ ಎರಡೂ ಕಾಣುತ್ತವೆ. ನಮ್ಮೂರಿನಲ್ಲಿ ಮಾಳಿಗೆಯ ಮೇಲೆ ಕುಳಿತರೆ ಮಾತ್ರ ನೆಟ್‌ವರ್ಕ್ ಸರಿಯಾಗಿ ಸಿಗುತ್ತದೆ. ಕೆಳಗೆ ಪಡಸಾಲೆಯಲ್ಲಿ ಆಡುವಾಗ ಅಡೆತಡೆಗಳು ತಡೆತಡೆದು ಚಲಿಸುತ್ತಿದ್ದವು, ಸರಿಯಾಗಿ ಬಿಟ್ಟರೂ ತಪ್ಪುತ್ತಿತ್ತು. ಒಂದು ಸೆಕೆಂಡಿನ ತೂಗಿನಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ತಡವಾದರೂ ಅದು ದೊಡ್ಡದೇ. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಮಟ್ಟವನ್ನು ಇಳಿಸಿದರೆ ಹಳೆಯ ಮೊಬೈಲಿಗೆ ಉಸಿರಾಡಲು ಬಿಡುವು ಸಿಗುತ್ತದೆ; ನೆಟ್‌ವರ್ಕೇ ಕೆಟ್ಟಿದ್ದರೆ ಬೆಲೆಬಾಳುವ ಗೊಂಬೆ ತರಲು ಆ ಹೊತ್ತಿನಲ್ಲಿ ಹೋಗದಿರುವುದೇ ಲೇಸು.

ಗೊಂಬೆ ಕೂಡಿಸುವ ವಿಷಯದಲ್ಲಿ ನನಗೂ ಅಣ್ಣನ ಮಗಳಿಗೂ ದೊಡ್ಡ ವಾದವೇ ನಡೆಯಿತು. ಬೇಸಿನಲ್ಲಿ ಇಟ್ಟ ಗೊಂಬೆ ನಾಣ್ಯ ದುಡಿಯುತ್ತಿರುತ್ತದೆ; ದೂರ ಹೋದಷ್ಟೂ ಅಪರೂಪದ ಗೊಂಬೆ, ಅಪರೂಪವಾದಷ್ಟೂ ಹೆಚ್ಚು ಗಳಿಕೆ ಎಂಬುದು ಆಟದ ಕಟ್ಟುಪಾಡು. ಅವಳ ಕಣ್ಣು ಸದಾ ಕೊನೆಯ ಕಟ್ಟೆಯ ‘ಲೆಜೆಂಡರಿ’, ಅಂದರೆ ತೀರ ಅಪರೂಪದ, ಗೊಂಬೆಯ ಮೇಲೆ. ನಾನು ಅವಳಿಗೆ ಪಾಟಿಯ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹತ್ತಿರದ ಗೊಂಬೆ ಸೆಕೆಂಡಿಗೆ 5 ನಾಣ್ಯ ದುಡಿಯುತ್ತದೆ, ತರಲು 20 ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ದೂರದ್ದು ಸೆಕೆಂಡಿಗೆ 50 ದುಡಿಯುತ್ತದೆ, ಒಂದು ಪ್ರಯತ್ನಕ್ಕೆ 2 ನಿಮಿಷ ಬೇಕು, ಹೊಸಬರಿಗೆ ಐದರಲ್ಲಿ ಒಮ್ಮೆ ದಕ್ಕುತ್ತದೆ. ಬೇಸಿನಲ್ಲಿ ಎಂಟು ಗೊಂಬೆಗಳಿಗೆ ಜಾಗವಿದ್ದರೆ, ಹತ್ತಿರದವನ್ನೇ ತರುವವರ ಬೇಸು ಮೂರು ನಿಮಿಷದೊಳಗೆ ತುಂಬುತ್ತದೆ, ಹತ್ತು ನಿಮಿಷ ತುಂಬುವ ಹೊತ್ತಿಗೆ 20,400 ನಾಣ್ಯ ಕೂಡಿರುತ್ತದೆ. ದೂರದ್ದಕ್ಕೇ ಹೋದವರು ಅಷ್ಟು ಹೊತ್ತಿಗೆ ಮೊದಲ ಗೊಂಬೆಯನ್ನು ಆಗತಾನೆ ತಂದು ಇಳಿಸಿರುತ್ತಾರೆ. ಲೆಕ್ಕ ಮುಗಿದ ಮೇಲೆ ಅವಳು ಬಹಳ ಹೊತ್ತು ಪಾಟಿಯನ್ನೇ ನೋಡಿದಳು, ಆಮೇಲೆ ಅವಳೇ ಕೇಳಿದ ಪ್ರಶ್ನೆ ನನ್ನ ಲೆಕ್ಕಕ್ಕಿಂತ ಒಳ್ಳೆಯದಿತ್ತು: “ಎಂಟೂ ತುಂಬಿದ ಮ್ಯಾಲ ಏನ್ ಮಾಡೋದು?” ತುಂಬಿದ ಮೇಲೆ ಅತಿ ಕಡಿಮೆ ದುಡಿಯುವ ಒಂದನ್ನು ತೆಗೆದು ಅದರ ಜಾಗಕ್ಕೆ ಒಂದೇ ಕಟ್ಟೆ ಮುಂದಿನದನ್ನು ತಂದಿಡಬೇಕು. ಹೀಗೆ ಕಟ್ಟೆಯಿಂದ ಕಟ್ಟೆಗೆ ಸರಿಯುತ್ತ ಹೋದರೆ ಬೀಳುವಾಗಲೂ ಬೇಸಿನಲ್ಲಿ ದುಡಿಮೆ ನಡೆದೇ ಇರುತ್ತದೆ. ಒಬ್ಬರ ಬೇಸಿನಿಂದ ಇನ್ನೊಬ್ಬರು ಗೊಂಬೆ ಕದಿಯಲು ಬಿಡುವ ಆಟಗಳೂ ಇವೆ; ಅಲ್ಲಿ ದೂರ ಹೋಗುವ ಮೊದಲು ಬೀಗ ಹಾಕುವುದನ್ನು ಮರೆಯಬಾರದು.

ಕೂಡಿದ ನಾಣ್ಯದಿಂದ ಮೊದಲು ಏನನ್ನು ಹೆಚ್ಚಿಸಿಕೊಳ್ಳಬೇಕು ಎಂಬುದಕ್ಕೆ ಹಲವರು ವೇಗ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಒಮ್ಮೆಗೆ ಎರಡು ಗೊಂಬೆ ಹೊರುವ ಅವಕಾಶವಿದ್ದರೆ ಮೊದಲು ಅದನ್ನು ಕೊಳ್ಳಬೇಕು, ಏಕೆಂದರೆ ಅಷ್ಟೇ ಗೊಂಬೆಗಳಿಗಾಗಿ ಕಂದಕ ದಾಟುವ ಸರದಿಗಳು ಅರ್ಧವಾಗುತ್ತವೆ. ತೂಗಿನ ಬಲ, ಹಗ್ಗದ ಉದ್ದ ಇವನ್ನು ಹೆಚ್ಚಿಸಿಕೊಂಡ ಪ್ರತಿ ಸಲವೂ ಕಲಿತ ಲಯ ಕೆಡುತ್ತದೆ. ಆದ್ದರಿಂದ ಒಮ್ಮೆಗೆ ಒಂದನ್ನೇ ಕೊಂಡು, ಗೊಂಬೆ ಹೊರದೆ ಮೂರು ನಾಲ್ಕು ಸಲ ಖಾಲಿ ದಾಟಿ, ಎಣಿಕೆಯನ್ನು ಸರಿಮಾಡಿಕೊಂಡ ಮೇಲೆಯೇ ಕೆಲಸಕ್ಕೆ ಇಳಿಯಬೇಕು. ರೀಬರ್ತ್, ಅಂದರೆ ಆಟವನ್ನು ಮೊದಲಿನಿಂದ ಹೊಸದಾಗಿ ಆರಂಭಿಸುವ ಗುಂಡಿ, ಒತ್ತುವ ಮೊದಲು ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂಬುದನ್ನು ಓದಿಕೊಳ್ಳಬೇಕು.

ರೋಬಕ್ಸ್ ಕೊಂಡು ವೇಗವನ್ನೂ ಬಲವನ್ನೂ ಒಮ್ಮೆಲೇ ಏರಿಸಿಕೊಳ್ಳುವ ದಾರಿ ತೆರೆದೇ ಇರುತ್ತದೆ, ಅದು ನಿಜವಾದ ರೂಪಾಯಿ ಕೊಟ್ಟು ಕೊಳ್ಳುವ ನಾಣ್ಯ. ಹೊಸಬರಿಗೆ ಅದು ಬೇಡವೇ ಬೇಡ. ಹತ್ತು ಪಟ್ಟು ಬಲದ ಹಗ್ಗವನ್ನು ಬಿಡುವ ಹೊತ್ತು ತಿಳಿಯದವರ ಕೈಗೆ ಕೊಟ್ಟರೆ ಅವರು ಕಟ್ಟೆಯನ್ನು ದಾಟಿ ಆಚೆಗೆ ಬೀಳುತ್ತಾರೆ, ಬಿದ್ದದ್ದಕ್ಕೆ ಇನ್ನೊಂದನ್ನು ಕೊಳ್ಳಬೇಕೆನಿಸುತ್ತದೆ. ತಂದೆತಾಯಿಗಳು ತಮ್ಮ ಖಾತೆಯನ್ನು ಮಗುವಿನ ಖಾತೆಗೆ ಜೋಡಿಸಿ ತಿಂಗಳ ಖರ್ಚಿಗೂ ದಿನದ ಆಟದ ಹೊತ್ತಿಗೂ ಮಿತಿ ಹಾಕುವ ಅನುಕೂಲ ರೋಬ್ಲಾಕ್ಸ್‌ನಲ್ಲಿದೆ. ಹಬ್ಬದ ಮರುದಿನ ಅಣ್ಣನನ್ನು ಮಾಳಿಗೆಗೆ ಕರೆದು, ಶೇಂಗಾ ಉಂಡಿ ತಿನ್ನುತ್ತಲೇ ಇಬ್ಬರೂ ಕೂಡಿ ಖರ್ಚಿನ ಮಿತಿಯನ್ನು ಸೊನ್ನೆಗೆ ಇಟ್ಟೆವು. ಹುಡುಗಿಗೆ ಬೇಸರವಾಗಬಹುದೆಂದು ಅಂದುಕೊಂಡಿದ್ದೆ. ಅವಳಿಗೆ ಆಗ ಏಳನೆಯ ಹಗ್ಗದ ಚಿಂತೆಯೇ ದೊಡ್ಡದಿತ್ತು.

ಆ ಏಳನೆಯದು ಗಿಡ್ಡ ಹಗ್ಗ, ಆಚೆಯ ಕಟ್ಟೆಯೂ ಎತ್ತರದಲ್ಲಿದೆ; ಬೇಗ ತೂಗಿ ತಡವಾಗಿ ಬಿಡಬೇಕಾದ ಜಾಗ. ನಿನ್ನೆ ರಾತ್ರಿ ವಿಡಿಯೋ ಕಾಲ್ ಮಾಡಿ, ಅಪ್ಪನ ಮೊಬೈಲನ್ನು ಗೋಡೆಗೆ ಆನಿಸಿಟ್ಟು, ತನ್ನದರಲ್ಲಿ ಆಡಿ ತೋರಿಸಿದಳು. ಪರದೆ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಒಂದು, ಎರಡು, ಒಂದು, ಎರಡು ಎಂದು ಎಣಿಸುವುದು ಕೇಳಿಸುತ್ತಿತ್ತು. ಐದನೆಯ ‘ಒಂದು’ ಎಂದವಳು ಎರಡು ಎನ್ನಲಿಲ್ಲ.