ಮಲೆನಾಡಿನ ಗದ್ದೆಗೆ ಉಪ್ಪಿನ ಚಿಂತೆಯೇ?

ಬರ ಮತ್ತು ಉಪ್ಪು ತಾಳುವ ಹೊಸ ಭತ್ತದ ತಳಿ ‘ಪೂಸಾ ಡಿಎಸ್‌ಟಿ ರೈಸ್ 1’ ಮಲೆನಾಡಿಗೂ ಒದಗುತ್ತದೆ ಎಂದು ಹೇಳುವ ಲೇಖನವೊಂದಕ್ಕೆ ಇದು ನನ್ನ ಪ್ರತಿಕ್ರಿಯೆ. ಈ ತಳಿಗೆ ಬರ ತಡೆಯುವ ಜೀನ್ ಸೇರಿಸಲಾಗಿದೆ ಎಂದು ಅದರ ಲೇಖಕರು ಬರೆದಿದ್ದಾರೆ. ನಡೆದಿರುವುದು ಇದರ ತದ್ವಿರುದ್ಧ. ಎಂಟಿಯು 1010 ಎಂಬ ಭತ್ತದ ತಳಿಯಲ್ಲಿ ಮೊದಲೇ ಇದ್ದ ಡಿಎಸ್‌ಟಿ ಎಂಬ ಜೀನನ್ನು ವಿಜ್ಞಾನಿಗಳು ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರದಿಂದ ಕತ್ತರಿಸಿ ಸುಮ್ಮನಾಗಿಸಿದ್ದಾರೆ. ಇದರಿಂದ ಎಲೆಯ ಪತ್ರರಂಧ್ರಗಳು (ಉಸಿರಾಡುವ ಸಣ್ಣ ತೂತುಗಳು) ಕಡಿಮೆಯಾಗಿ, ನೀರು ಆವಿಯಾಗಿ ಹೋಗುವುದು ತಗ್ಗುತ್ತದೆ. ಜಾಣ ಕೆಲಸ, ಒಪ್ಪುತ್ತೇನೆ.

ಆದರೆ ‘ಬರಕ್ಕೂ ಉಪ್ಪಿಗೂ ಜಗ್ಗದ ಈ ತಳಿಯೇ ಮಲೆನಾಡಿಗೂ ಉತ್ತರ’ ಎಂಬ ಮಾತಿಗೆ ನನ್ನ ತಕರಾರಿದೆ. ಸೊರಬ, ಸಾಗರದ ಕಡೆಯ ಗದ್ದೆ ಮಣ್ಣಿನ ತೊಂದರೆ ಹುಳಿ (ಆಮ್ಲೀಯತೆ), ಉಪ್ಪಲ್ಲ. ಇಲ್ಲಿಯ ಮಳೆ ಮಣ್ಣಿನಲ್ಲಿ ಉಪ್ಪು ನಿಲ್ಲಲು ಬಿಟ್ಟರೆ ತಾನೆ! ನಮ್ಮ ತಗ್ಗಿನ ಗದ್ದೆಯಲ್ಲಿ ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಕೆಂಪು ಪೊರೆ ಕಟ್ಟುತ್ತದೆ, ಗರಿಗಳ ತುದಿಯಿಂದ ಕಂದು ಚುಕ್ಕೆ ಹರಡುತ್ತದೆ. ಅದು ಕಬ್ಬಿಣದ ಅಂಶ ಅತಿಯಾದ ಲಕ್ಷಣ. ವರದಾ ನದಿ ಉಕ್ಕಿದರೆ ಪೈರೇ ಮುಳುಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಒಡಿಶಾದ ನಾಟಿ ತಳಿಯಿಂದ ಸಿಕ್ಕ, ಮುಳುಗಡೆ ತಾಳಿಕೊಳ್ಳಲು ನೆರವಾಗುವ ಸಬ್1ಎ ಜೀನ್.

ಬರ ಇಲ್ಲವೆಂದಲ್ಲ. ಹೊಡೆ ಒಡೆದು ತೆನೆ ಹೊರಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಮಳೆಯನ್ನೇ ನಂಬಿದ ಎತ್ತರದ ಮಕ್ಕಿ ಗದ್ದೆಯಲ್ಲಿ ಸಿಗುವುದು ಬರೀ ಜೊಳ್ಳು. ಅಂಥ ಕಡೆ ಬೇರನ್ನು ಆಳಕ್ಕಿಳಿಸುವ ಡ್ರೋ1 ಜೀನಿನ ಬಗ್ಗೆ ಯೋಚಿಸಬಹುದಿತ್ತು. ಇನ್ನು ಉಪ್ಪಿನ ಮಾತು ಬೇಕೆಂದರೆ ಘಟ್ಟ ಇಳಿದು ಕುಮಟಾದ ಗಜನಿ ಗದ್ದೆಗಳನ್ನು, ಅಂದರೆ ಕಡಲಿನ ಉಪ್ಪುನೀರು ನುಗ್ಗುವ ಗದ್ದೆಗಳನ್ನು, ನೋಡಬೇಕು. ಅಲ್ಲಿಯ ಕಗ್ಗ ಭತ್ತ ಉಪ್ಪುನೀರಿನಲ್ಲೇ ಬೆಳೆಯುತ್ತದೆ. ಲೇಖನದಲ್ಲಿ ಅದರ ಹೆಸರೇ ಇಲ್ಲ. ಹೊಸ ತಳಿಯನ್ನು ಹುಳಿ ಮಣ್ಣಿನಲ್ಲಿ ಬೆಳೆದು ನೋಡಿದ ಇಳುವರಿ ಲೆಕ್ಕ ಲೇಖಕರ ಬಳಿ ಇದ್ದರೆ ದಯವಿಟ್ಟು ಪ್ರಕಟಿಸಲಿ.