ಪೇಟಿ ತಪ್ಪದ ತಗೊಂಡು ಬರ್ರಿ

ಮಂಗಳೂರಿನಿಂದ ಗದಗ ಸೀಮೆಯ ಒಂದು ಹಳ್ಳಿಗೆ ಸುವಾರ್ತಾ ಯಾತ್ರೆ ಹೊರಡುವ ವಾರದ ಮುನ್ನ, ಆ ಊರಿನ ಕ್ರೈಸ್ತ ಸಭೆಯ ಹಿರಿಯರೊಬ್ಬರು ದೂರವಾಣಿಯಲ್ಲಿ ನನ್ನೊಂದಿಗೆ ಮಾತನಾಡಿ, ಊಟ ವಸತಿಗಳ ವಿಷಯವನ್ನೆಲ್ಲ ಎರಡು ಮಾತಿನಲ್ಲಿ ಮುಗಿಸಿ, “ಬ್ಯಾರೆ ಏನೂ ಬ್ಯಾಡ್ರಿ, ನಿಮ್ಮ ಪೇಟಿ ಒಂದು ತಪ್ಪದ ತಗೊಂಡು ಬರ್ರಿ” ಎಂದರು. ಪೇಟಿ ಎಂದರೆ ಪೆಟ್ಟಿಗೆ. ಸಭೆಯವರು ಕೇಳುವ ಪೆಟ್ಟಿಗೆ ಎಂದರೆ ಕಾಣಿಕೆ ಪೆಟ್ಟಿಗೆ. ಸಾಮಾನುಗಳ ಉಸ್ತುವಾರಿ ಹೊತ್ತಿದ್ದ ನಾನು ಇಷ್ಟು ಸುಲಭವಾಗಿ ತೀರ್ಮಾನಕ್ಕೆ ಬಂದು, ನಮ್ಮ ದೇವಾಲಯದ ಹಿತ್ತಾಳೆ ಪಟ್ಟಿಯ ತೇಗದ ಪೆಟ್ಟಿಗೆಯನ್ನು ಕೇಳಲು ಖಜಾಂಚಿಯವರ ಮನೆಗೆ ಹೋದೆ. ಬಯಲು ಕೂಟದಲ್ಲಿ ಕಾಣಿಕೆ ಎತ್ತುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ ಎಂದು ಅವರು ಹುಬ್ಬೇರಿಸಿದರೂ, ಆ ಕಡೆಯ ಪದ್ಧತಿ ಬೇರೆಯಿರಬಹುದು ಎಂಬ ನನ್ನ ಸಮಜಾಯಿಷಿಗೆ ಮಣಿದು, ಪುಸ್ತಕದಲ್ಲಿ ನನ್ನ ಸಹಿ ಪಡೆದು ಪೆಟ್ಟಿಗೆಯನ್ನು ಕೊಟ್ಟರು. ಬೀಗದ ಕೈಯನ್ನು ಮಾತ್ರ ಕೊಡಲಿಲ್ಲ.

ಅಕ್ಟೋಬರ್ ಕೊನೆಯ ವಾರದಲ್ಲಿ ಹದಿನಾಲ್ಕು ಮಂದಿ ಒಂದು ಟೆಂಪೋ ಟ್ರಾವೆಲರಿನಲ್ಲಿ ಹೊರಟೆವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರ ಹೊತ್ತಿಗೆ ಧಾರವಾಡವನ್ನು ತಲುಪಿ, ಸಂತೆ ಜಾತ್ರೆಗಳಲ್ಲಿ ನಿಂತು ಸುವಾರ್ತೆ ಸಾರಿದವರು. ಅವರು ವರ್ಷಗಟ್ಟಲೆ ಸವೆಸಿದ ಹಾದಿಯನ್ನು ನಾವು ಒಂದೇ ಹಗಲಿನಲ್ಲಿ ಕ್ರಮಿಸುತ್ತಿದ್ದೇವೆಂಬ ಹೆಮ್ಮೆ ಅಂಕೋಲದವರೆಗೂ ನಮ್ಮೆಲ್ಲರಲ್ಲಿ ತುಂಬಿ ತುಳುಕುತ್ತಿತ್ತು. ಅರಬೈಲು ಘಾಟಿಯ ತಿರುವುಗಳಲ್ಲಿ ಹೆಮ್ಮೆಯೊಂದಿಗೆ ಬೆಳಗಿನ ನೀರುದೋಸೆಯೂ ಹೊರಗೆ ಬಂದದ್ದನ್ನು ಇಲ್ಲಿ ವಿವರಿಸುವುದಿಲ್ಲ.

ಹಿಂದಿನ ರಾತ್ರಿ ಅಲ್ಲಿ ಹಿಂಗಾರು ಮಳೆ ಸುರಿದಿತ್ತು. ಕರಾವಳಿಯ ಮಳೆ ಮುರಕಲ್ಲಿನ ಮೇಲೆ ಬಿದ್ದು ಹರಿದುಹೋಗುವುದನ್ನಷ್ಟೇ ಕಂಡಿದ್ದ ನಮಗೆ ಎರೆಮಣ್ಣಿನ ಗುಣ ತಿಳಿದಿರಲಿಲ್ಲ. ಬಿಳಿ ಷರಾಯಿ, ಬಿಳಿ ಅಂಗಿಗಳಲ್ಲಿ ಸಾಲಾಗಿ ವಾಹನದಿಂದ ಇಳಿದ ನಮ್ಮ ಗಾಯನ ಮಂಡಳಿ ವೇದಿಕೆಯತ್ತ ಇಪ್ಪತ್ತು ಹೆಜ್ಜೆ ನಡೆಯುವುದರೊಳಗೆ ಪ್ರತಿಯೊಬ್ಬರ ಬೂಟುಗಳೂ ಒಂದೊಂದು ಗೇಣು ಬೆಳೆದಿದ್ದವು. ನನ್ನ ಎಡಗಾಲಿನ ಬೂಟು ಅಲ್ಲಿಯೇ ನೆಲೆಸಲು ತೀರ್ಮಾನಿಸಿದ್ದರಿಂದ ನಾನು ಒಂದು ಕಾಲು ಬರಿದಾಗಿಯೇ ವೇದಿಕೆ ಏರಿದೆ.

ಬಯಲಿನಲ್ಲಿ ಇನ್ನೂರು ಜನರಿಗಾಗುವಷ್ಟು ಜಮಖಾನ ಹಾಸಿದ್ದರು. ಅರ್ಧದಷ್ಟು ಜನ ಆಗಲೇ ಕುಳಿತಿದ್ದರು. ಹಿರಿಯರು ಬಂದು, “ಪೇಟಿ ಮುಂದ ಇಡ್ರಿ, ಅದನ್ನ ನೋಡಿದ್ರ ಜನಾ ಕೂಡ್ತಾರ” ಎಂದರು. ಈ ಊರಿನವರ ಭಕ್ತಿಗೆ ತಲೆದೂಗುತ್ತಾ ನಾನು ಕಾಣಿಕೆ ಪೆಟ್ಟಿಗೆಯನ್ನು ತಂದು, ಇನ್ನೂ ಒಂದು ಹಾಡೂ ಆರಂಭವಾಗದಿದ್ದ ಆ ಸಭೆಯ ಎದುರಿಗೆ, ಎಲ್ಲರಿಗೂ ಕಾಣುವಂತೆ ಸ್ಟೂಲಿನ ಮೇಲಿಟ್ಟು, ಹಣ ಹಾಕುವ ಸೀಳು ಜನರ ಕಡೆಗಿರುವಂತೆ ಸರಿಪಡಿಸಿದೆ. ಮುಂದಿನ ಸಾಲಿನವರು ಮೆಲ್ಲನೆ ಹಿಂದಿನ ಸಾಲಿಗೆ ಸರಿದರು. ಹಿಂದಿನ ಸಾಲಿನವರು ಎದ್ದು, ದನ ಕಟ್ಟುವುದು ನೆನಪಾದವರಂತೆ ಮನೆಯ ಕಡೆ ನಡೆದರು. ಹಿರಿಯರು ಓಡಿ ಬಂದು ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಪೆಟ್ಟಿಗೆಯ ಮೇಲೆ ಹೊದಿಸಿ, “ಅಯ್ಯ, ಬಾರಿಸೋ ಪೇಟಿರೀ!” ಎಂದು ಗದರಿದಾಗಲೇ ಆ ಸೀಮೆಯಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆಂದು ನನಗೆ ತಿಳಿದದ್ದು. ಬಾಸೆಲ್ ಮಿಷನ್ನಿನ ಕಿಟೆಲ್ಲರ ಸುಮಾರು 70,000 ಪದಗಳ ಕನ್ನಡ ನಿಘಂಟು 1894ರಲ್ಲಿ ಅಚ್ಚಾದ ಊರಿನವನು ನಾನು. ಒಂದು ಪದ ತಿಳಿಯದೆ ಅರ್ಧ ಸಭೆಯನ್ನು ಚದುರಿಸಿದ್ದೆ.

ಹಾರ್ಮೋನಿಯಮ್ಮನ್ನೂ ನಾವು ತಂದಿದ್ದೆವೆಂಬುದು ಸಮಾಧಾನದ ಸಂಗತಿಯಾಗಬೇಕಿತ್ತು. ಆಕಾಶವಾಣಿಯವರು 1940ರಲ್ಲಿ ಹೊರಗಿಟ್ಟು 1971ರವರೆಗೂ ಒಳಗೆ ಬಿಟ್ಟುಕೊಳ್ಳದ ವಾದ್ಯವದು. ಆ ನಿಷೇಧದ ಬಗ್ಗೆ ನನಗೆ ಸದಾ ಅಸಮಾಧಾನವಿತ್ತು. ಅಂದು ಮಾತ್ರ ಅದು ಸ್ವಲ್ಪ ಕಡಿಮೆಯಾಯಿತು. ನಮ್ಮ ಮಂಡಳಿಯ ಹಾಡಿನ ಮಾಸ್ತರರು ಸ್ವರದ ಮನೆ ಹಿಡಿದು ಒತ್ತಿದರೆ ಸ್ವರದ ಬದಲು ಉಬ್ಬಸದ ರೋಗಿಯ ನಿಟ್ಟುಸಿರು ಹೊರಟಿತು. ಹಿಂದೆ ತಿರುಗಿಸಿ ನೋಡಿದರೆ, ನಮ್ಮ ದೇವಾಲಯದ ಇಲಿಯೊಂದು ತಿದಿಯ ಮಡಿಕೆಯಲ್ಲಿ ಎರಡು ಬೆರಳು ತೂರುವಷ್ಟು ದಾರಿ ಮಾಡಿಕೊಂಡಿತ್ತು. ಉಸಿರಿರುವುದೆಲ್ಲವೂ ದೇವರನ್ನು ಸ್ತುತಿಸಲಿ ಎಂದು 150ನೆಯ ಕೀರ್ತನೆ ಮುಗಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಪೇಟಿಗೆ ವಿನಾಯಿತಿ ಸಿಕ್ಕಿತ್ತು.

ಪೇಟಿಯಿಲ್ಲದೆಯೇ ನಾಲ್ಕು ದನಿಯ ಹಾಡು ಆರಂಭಿಸಿದೆವು. ಎರಡನೆಯ ಚರಣಕ್ಕೆ ಜನರೇಟರ್ ನಿಂತಿತು. ದೀಪ, ಮೈಕು ಎರಡೂ ಹೋದವು. ಕತ್ತಲಲ್ಲಿ ಯಾರೋ ಪುಣ್ಯಾತ್ಮರು ತಮ್ಮ ಟ್ರ್ಯಾಕ್ಟರನ್ನು ತಂದು ಅದರ ದೀಪಗಳನ್ನು ನೇರ ನಮ್ಮ ಮುಖಕ್ಕೆ ಬಿಟ್ಟರು. ಮಳೆ ಬಿಟ್ಟ ಮರುದಿನದ ಹುಳುಗಳೆಲ್ಲ ಆ ಬೆಳಕಿಗೆ ಮುತ್ತಿದವು. ಬಾಯಿಯನ್ನು ಮೂರು ಬೆರಳಿನಷ್ಟು ತೆರೆದು ಹಾಡಬೇಕೆಂದು ಮಾಸ್ತರರು ಎರಡು ತಿಂಗಳು ನಮ್ಮನ್ನು ತಿದ್ದಿದ್ದರು. ಆ ಪಾಠವನ್ನು ನಿಷ್ಠೆಯಿಂದ ಕಲಿತವರೇ ಮೊದಲು ಕೆಮ್ಮತೊಡಗಿದರು. ಬಾಸ್ ದನಿಯ ನಾಲ್ವರೂ ಒಂದೊಂದಾಗಿ ಉರುಳಿದ ಮೇಲೆ, ತುಟಿ ಬಿಗಿಹಿಡಿದು ಹಾಡುವ ಕೆಟ್ಟ ಅಭ್ಯಾಸದ ನಾನೊಬ್ಬನೇ ಉಳಿದೆ. ಆ ಮಂಡಳಿಯಲ್ಲಿ ನಾನು ಏಕಗಾಯನ ಮಾಡಿದ್ದು ಅದೊಂದೇ ಬಾರಿ. ಮಾಸ್ತರರು ಕೈಸನ್ನೆಯಿಂದ ಅದನ್ನೂ ನಿಲ್ಲಿಸಿದರು.

ಆ ಮೌನದಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು, “ಸಾಕ್ರೆಪ್ಪಾ, ನೀವು ನೀರು ಕುಡೀರಿ” ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದ ಹುಡುಗನ ಕೈಯಿಂದ ದಮ್ಮಡಿ ಕಸಿದುಕೊಂಡು ಸ್ತುತಿಗೀತೆಯೊಂದನ್ನು ಎತ್ತಿಕೊಂಡರು. ಅದು ನಮಗೆ ಗೊತ್ತಿದ್ದ ಹಾಡೇ, ಆದರೆ ಗೊತ್ತಿದ್ದ ಧಾಟಿಯಲ್ಲ. ಅವರು ಒಂದು ಸಾಲು ಹೇಳುವುದು, ಊರು ಅದನ್ನು ತಿರುಗಿ ಹೇಳುವುದು, ಪ್ರತಿ ಸುತ್ತಿಗೂ ತಾಳ ಒಂದಿಷ್ಟು ಚುರುಕಾಗುವುದು. ದೇಶೀ ಛಂದಸ್ಸಿನಲ್ಲಿ ಕ್ರಿಸ್ತನ ಕಥೆ ಹೇಳಿದರೆ ಜನ ಕೇಳುತ್ತಾರೆಂದು ಕಿಟೆಲ್ಲರು 1862ರಲ್ಲಿಯೇ ‘ಕಥಾಮಾಲೆ’ ಬರೆದಿದ್ದರು. ನಾವು ಸ್ಟ್ಯಾಂಡುಗಳ ಮೇಲೆ ಸ್ವರಲಿಪಿ ಹರಡಿಕೊಂಡು ಬಂದಿದ್ದೆವು. ದನ ಕಟ್ಟಲು ಹೋದವರು ಮರಳಿ ಬಂದರು. ನಮ್ಮ ಆಲ್ಟೊ ದನಿಯವರು ಚಪ್ಪಾಳೆ ತಟ್ಟಿದರು, ಸಭಾಪಾಲಕರು ಪಂಚೆಯ ಅಂಚನ್ನು ಎತ್ತಿ ಹಿಡಿದು ಎರಡು ಸುತ್ತು ಕುಣಿದರು, ಮಾಸ್ತರರ ಕೈ ತಾಳ ಹಾಕುವುದೋ ಬಿಡುವುದೋ ಎಂದು ಗಾಳಿಯಲ್ಲೇ ಕೊಂಚ ಹೊತ್ತು ನಿಂತು ಕೊನೆಗೆ ತೊಡೆಯ ಮೇಲೆ ಬಿತ್ತು. ನಾನು ಬಲಗಾಲಿನ ಬೂಟನ್ನೂ ಕಳಚಿದೆ.

ರಾತ್ರಿ ಹತ್ತು ದಾಟಿದಾಗ ಬಂದೋಬಸ್ತಿನ ಪೊಲೀಸಪ್ಪನವರು ಎದ್ದು ಬಂದರು. ಹತ್ತರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲವೆಂಬ ನಿಯಮ ನೆನಪಾಗಿ ನಾನು ಕ್ಷಮೆ ಕೇಳಲು ಹೊರಟರೆ, ಅವರು ಕೆಟ್ಟುನಿಂತ ಜನರೇಟರನ್ನೊಮ್ಮೆ ನೋಡಿ, “ಮೈಕ್ ಎಲ್ಲೈತ್ರಿ?” ಎಂದು ಕೇಳಿ, ತಿರುಗಿ ಜಮಖಾನದ ಮೇಲೆ ಕುಳಿತುಕೊಂಡರು.

ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿರುವ ಗದಗಿನಲ್ಲಿ ತಿದಿ ಹೊಲಿಯುವವರು ಸಿಗುತ್ತಾರೆಂದು ಹಿರಿಯರು ಭರವಸೆ ಕೊಟ್ಟದ್ದರಿಂದ, ಮರುದಿನ ಹಾರ್ಮೋನಿಯಮ್ಮನ್ನು ಅವರ ಮನೆಯಲ್ಲಿಯೇ ಬಿಟ್ಟು ಹೊರಟೆವು. ದಾರಿಯಲ್ಲಿ ಖಜಾಂಚಿಯವರ ಕರೆ ಬಂತು. ಹೊಸದಾಗಿ ಕಲಿತ ಪದವನ್ನು ಬಳಸುವ ಉಮೇದಿನಲ್ಲಿ ನಾನು, “ಕೂಟ ಬಹಳ ಚೆನ್ನಾಯಿತು ಅಣ್ಣ, ಪೇಟಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೇವೆ” ಎಂದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ.

“ತುಂಬಿತ್ತೋ?” ಎಂದರು ಕೊನೆಗೆ.