ಮೀಸೆಯ ಮಣ್ಣು ಮತ್ತು ವಿಗನ್‌ನ ಕೊಕ್ಕೆ

ಮೈಸೂರಿನ ಗರಡಿಯಲ್ಲಿ ನಾನು ಸಾಮು ಮಾಡಿದ್ದು ಎರಡೇ ವರ್ಷ, ಅದರಲ್ಲೂ ಬಹುಪಾಲು ಮಟ್ಟಿ, ಅಂದರೆ ಅಖಾಡದ ಮಣ್ಣು, ಅಗೆದದ್ದೇ. ಆದರೆ ಅಲ್ಲಿನ ಒಂದು ಜಗಳ ಇನ್ನೂ ಕಿವಿಯಲ್ಲಿದೆ. ಚಿತ್ ಆಯಿತು, ಬೆನ್ನು ನೆಲಕ್ಕೆ ತಾಗಿತು ಎಂದು ಗೆದ್ದವನ ಕಡೆಯವರು. ಒಂದು ಭುಜ ನೆಲದಿಂದ ಎರಡು ಬೆರಳು ಮೇಲಿತ್ತು ಎಂದು ಬಿದ್ದವನ ಕಡೆಯವರು. ಬಿದ್ದವನು ಮಾತ್ರ ತುಟಿ ಬಿಚ್ಚುವುದಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತು ಇಂಥ ಅಖಾಡದಲ್ಲೇ ಹುಟ್ಟಿರಬೇಕು.

ಈಗ ನಾನಿರುವುದು ಇಂಗ್ಲೆಂಡಿನ ಬೋಲ್ಟನ್‌ನಲ್ಲಿ. ಪಕ್ಕದ ಊರು ವಿಗನ್. ಹತ್ತೊಂಬತ್ತನೆಯ ಶತಮಾನದಲ್ಲಿ ಲ್ಯಾಂಕಾಶೈರ್‌ನ ಈ ಊರುಗಳ ಕಲ್ಲಿದ್ದಲ ಗಣಿಯವರು ಪಂದ್ಯ ಕಟ್ಟಿ ಆಡುತ್ತಿದ್ದ ಕುಸ್ತಿಗೆ ಕ್ಯಾಚ್ ಆ್ಯಸ್ ಕ್ಯಾಚ್ ಕ್ಯಾನ್ ಎಂದು ಹೆಸರು. ಸಿಕ್ಕಲ್ಲಿ ಹಿಡಿ ಎಂದರೆ ಅರ್ಥ ಹೆಚ್ಚು ಕಡಿಮೆ ಆಯಿತು. ಇನ್ನೂ ಉತ್ತರದ ಕಂಬರ್‌ಲ್ಯಾಂಡ್‌ನಲ್ಲಿ ಇಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಕೈ ಹೆಣೆದು ನಿಲ್ಲಬೇಕು, ಮೊದಲು ನೆಲ ಮುಟ್ಟಿದವನು ಸೋತ. ಲ್ಯಾಂಕಾಶೈರ್‌ನವರಿಗೆ ಆ ನಾಜೂಕು ಬೇಕಿರಲಿಲ್ಲ. ಕಾಲನ್ನೂ ಹಿಡಿಯಬಹುದು, ಬಿದ್ದ ಮೇಲೂ ಕುಸ್ತಿ ನಡೆಯುತ್ತದೆ. ಎರಡೂ ಭುಜ ನೆಲಕ್ಕೆ ಒತ್ತಿದರೆ ಗೆಲುವು. ಇಲ್ಲವೇ ಎದುರಾಳಿ ತಾನಾಗಿಯೇ ಸಾಕು ಎನ್ನಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯದು. ಕೀಲು ತಿರುಚುವ ಪಟ್ಟುಗಳನ್ನು ಇಲ್ಲಿ ಹುಕ್ ಎನ್ನುತ್ತಾರೆ, ಅಂದರೆ ಕೊಕ್ಕೆ. ಎದುರಾಳಿಯ ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಅವನ ತೋಳಿನ ಸುತ್ತ ತೂರಿಸಿ, ನಿಮ್ಮದೇ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಳ್ಳಿ. ಈಗ ಅವನ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿದರೆ ಭುಜದ ಕೀಲು ಕೂಗುತ್ತದೆ. ಇದು ಡಬಲ್ ರಿಸ್ಟ್‌ಲಾಕ್. 1951ರಲ್ಲಿ ಬ್ರೆಜಿಲ್‌ನಲ್ಲಿ ಅಲ್ಲಿನ ಜಿಯುಜಿತ್ಸು ಪಟು ಹೆಲಿಯೊ ಗ್ರೇಸಿಯನ್ನು ಇಂಥದ್ದೇ ಪಟ್ಟಿನಿಂದ ಸೋಲಿಸಿದ ಜಪಾನಿನ ಮಸಾಹಿಕೊ ಕಿಮುರಾ ಹೆಸರಿನಲ್ಲಿ ಜಗತ್ತು ಈಗ ಇದನ್ನು ಕರೆಯುತ್ತದೆ. ವಿಗನ್‌ನವರಿಗೆ ಅದು ಅಷ್ಟು ಹಿಡಿಸುವುದಿಲ್ಲ.

ಹೊರಗಿನಿಂದ ನೋಡಿದರೆ ಬರೀ ಕ್ರೌರ್ಯ. ನನಗೂ ಮೊದಲು ಹಾಗೇ ಕಂಡಿತ್ತು. ಆದರೆ ಕೊಕ್ಕೆಯ ಜಾಣ್ಮೆ ನೋವಿನಲ್ಲಿಲ್ಲ. ಭುಜ ಉಳಿಸಿಕೊಳ್ಳಲು ಅವನು ಹೊರಳಬೇಕು, ಹೊರಳಿದರೆ ಬೆನ್ನು ನೆಲಕ್ಕೆ. ಅತ್ತ ದರಿ, ಇತ್ತ ಪುಲಿ. ಹೊರಳದೆ, ಮುರಿಸಿಕೊಳ್ಳದೆ ಉಳಿಯಬೇಕೆಂದರೆ ಸಾಕು ಎಂದು ಅವನೇ ಎರಡು ಸಲ ತಟ್ಟಬೇಕು. ತೀರ್ಪು ಕೊಡುವುದು ಸೋತವನ ಕೈ. ಆಮೇಲೆ ಮೀಸೆಯ ಮಾತೆತ್ತುವ ಹಾಗಿಲ್ಲ. ನಮ್ಮಲ್ಲೂ ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ರಕ್ತ ಚಿಮ್ಮಿದೊಡನೆ ಎಲ್ಲ ಮುಗಿಯುತ್ತದೆ, ವಾದವಿಲ್ಲ. ಆದರೆ ಅಲ್ಲಿ ಮಾತಾಡುವುದು ರಕ್ತ, ಜಟ್ಟಿಯಲ್ಲ.

1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಪೈಲ್ವಾನರು ಪೋಲೆಂಡಿನ ಜಿಬಿಸ್ಕೊ ಎದುರು ಇಳಿದರು. ಜಿಬಿಸ್ಕೊ ಹೊಟ್ಟೆಯ ಮೇಲೆ ಮಲಗಿ ನೆಲಕ್ಕೆ ಅಂಟಿಕೊಂಡ. ಎರಡೂವರೆ ಗಂಟೆ ಕಳೆದರೂ ಅವನನ್ನು ಮಗುಚಲು ಆಗಲಿಲ್ಲ. ಮರುವಾರ ಮತ್ತೆ ನಡೆಯಬೇಕಿದ್ದ ಕುಸ್ತಿಗೆ ಅವನು ಬರಲೇ ಇಲ್ಲ, ಗೆಲುವು ಗಾಮಾ ಪಾಲಿಗೆ ಬಂತು. 1928ರಲ್ಲಿ ಪಟಿಯಾಲಾದಲ್ಲಿ ಅದೇ ಜಿಬಿಸ್ಕೊನನ್ನು ಗಾಮಾ ಒಂದು ನಿಮಿಷದೊಳಗೆ ಕೆಡವಿದರು, ನಿಜ. ಆದರೂ ಲಂಡನ್ನಿನ ಆ ಸಂಜೆಯನ್ನು ನೆನೆದಾಗಲೆಲ್ಲ ನನಗೆ ಅನಿಸುವುದು, ವಿಗನ್‌ನ ಹಳಬನಾಗಿದ್ದರೆ ಬೆನ್ನನ್ನು ಬಿಟ್ಟು, ತಿರುಚಲೆಂದು ಪಾದಕ್ಕೆ ಕೈ ಹಾಕುತ್ತಿದ್ದ.

ಹಾಗೆಂದು ಎಲ್ಲದರಲ್ಲೂ ಇವರು ಮೇಲಲ್ಲ. ಬಿಲ್ಲಿ ರೈಲಿ ನಡೆಸುತ್ತಿದ್ದ, ಸ್ನೇಕ್ ಪಿಟ್ ಎಂದು ಹೆಸರಾದ ವಿಗನ್‌ನ ಗರಡಿ ಒಂದು ತಗಡಿನ ಶೆಡ್ಡಾಗಿತ್ತು. ಮಟ್ಟಿಗೆ ಅರಿಶಿನ, ತುಪ್ಪ, ಮಜ್ಜಿಗೆ ಬೆರೆಸಿ, ಕೈಮುಗಿದು ಒಳಗೆ ಕಾಲಿಡುವ ನಮ್ಮ ಪದ್ಧತಿಯನ್ನು ಇವರಿಗೆ ಬಿಡಿಸಿ ಹೇಳುವುದೇ ಕಷ್ಟ. ಚಾಪೆಯ ಮೇಲೆ ಬಿದ್ದಾಗ ನನಗೆ ಮೊದಲು ಕೊರತೆ ಎನಿಸಿದ್ದು ಆ ವಾಸನೆ.

ಕ್ಯಾಚ್ 1904ರಲ್ಲೇ ಒಲಿಂಪಿಕ್ಸ್‌ಗೆ ಹೋಯಿತು. ಕೊಕ್ಕೆಗಳನ್ನು ಕಳಚಿಟ್ಟು, ಇಂದಿನ ಫ್ರೀಸ್ಟೈಲ್ ಆಯಿತು. ಹಲ್ಲು ಕಿತ್ತ ಹಾವು ಎಂದರೆ ಇಲ್ಲಿನವರು ನಗುತ್ತಾರೆ. ಕೆ.ಡಿ. ಜಾಧವ್ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದದ್ದು ಆ ಹಾವಿನ ಜೊತೆ ಆಡಿಯೇ. ಮೂಲ ವಿದ್ಯೆ ಮಾತ್ರ ಬೇರೆ ದಾರಿ ಹಿಡಿಯಿತು. ರೈಲಿ ಬಳಿ ಕಲಿತ ಬೆಲ್ಜಿಯಂನ ಕಾರ್ಲ್ ಗೋಚ್ ಅದನ್ನು ಜಪಾನಿಗೆ ಕೊಂಡೊಯ್ದರು. ಅವರು ಕಲಿಸಿದ ಕಸರತ್ತಿನಲ್ಲಿ ನಮ್ಮ ದಂಡವೂ ಬೈಠಕ್ಕೂ ಇದ್ದವು.

ಕಳೆದ ಚಳಿಗಾಲದಲ್ಲಿ ಇಲ್ಲಿನ ಹುಡುಗನೊಬ್ಬ ಹಿಮ್ಮಡಿ ಎತ್ತಿ, ಕೈ ಬೀಸಿ, ಸರಸರನೆ ಬೈಠಕ್ ಹೊಡೆಯುತ್ತಿದ್ದ. ಎಲ್ಲಿಯದಪ್ಪ ಇದು ಎಂದು ಕೇಳಿದೆ. ಜಪಾನಿನದು ಎಂದ. ಗರಡಿಯ ಕಥೆಯನ್ನೆಲ್ಲ ಹೇಳಿದೆ. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಮತ್ತೆ ಎಣಿಕೆ ಮುಂದುವರಿಸಿದ.